ಅಣ್ಣನ ಗರಸಿನ ಮೇಲೆ ನಿಂತ ಖರ್ಜೂರದ ಗಿಡಗಳು

ಸಿಂಧನೂರಿನಿಂದ ಮಸ್ಕಿಗೆ ಬರುವ ದಾರಿಯಲ್ಲಿ ಈಗ ಎಷ್ಟೋ ಹೊಸ ಮನೆಗಳ ಗೇಟಿನ ಎಡಬಲಕ್ಕೆ ಖರ್ಜೂರದ ಗಿಡ ನಿಂತಿವೆ. ಬಸ್ಸಿನಲ್ಲಿ ಕೂತವರು ಅವುಗಳ ಗರಿ ನೋಡುತ್ತಾರೆ. ನನ್ನ ಕಣ್ಣು ಮೊದಲು ಬುಡಕ್ಕೆ ಹೋಗುತ್ತದೆ. ಬುಡ ಆನೆಯ ಪಾದದ ಹಾಗೆ ನೆಲದ ಮೇಲೆ ಹರಡಿ ಕೂತಿದ್ದರೆ, ನೆಟ್ಟವನಿಗೆ ಕೆಲಸ ಗೊತ್ತಿತ್ತು ಎಂದು ತಿಳಿದು ಸಮಾಧಾನವಾಗುತ್ತದೆ. ಲೈಟಿನ ಕಂಬ ಹೂತ ಹಾಗೆ ಮಣ್ಣಿನೊಳಗಿಂದ ನೆಟ್ಟಗೆ ಎದ್ದಿದ್ದರೆ ಮುಖ ಬೇರೆ ಕಡೆ ತಿರುಗಿಸುತ್ತೇನೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಗಳ ಅಂಗಳದಲ್ಲಿ ಈ ಗಿಡ ಹಚ್ಚುವ, ಸಾಕುವ ಕೆಲಸ ಮಾಡಿದ್ದೇನೆ. ಮೊಳಕಾಲು ಸೋತ ಮೇಲೆ ಬಿಟ್ಟೆ. ನಾನು ಓದಿದ್ದು ಐದನೆಯ ತರಗತಿವರೆಗೆ. ಲಿಂಗಸುಗೂರಿನಲ್ಲಿ ಟೀಚರಾಗಿರುವ ನನ್ನ ಮಗಳು ಇದರ ಅಕ್ಷರ ತಿದ್ದಿದ್ದಾಳೆ. ಹೇಳಿದ ಸಂಗತಿ ತಿದ್ದಬೇಡ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾಲ್ಕು ಮಾತು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಆದರೆ ನನ್ನ ಅಣ್ಣ ಹುಲಿಗೆಪ್ಪನ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದರೆ ಅದು ಸುಳ್ಳಾಗುತ್ತದೆ. ಸಿಂಧನೂರಿನಲ್ಲಿ ನನಗೆ ಬಂದ ಒಳ್ಳೆಯ ಹೆಸರು ಅವನದು. ಅಲ್ಲಿ ಅವನಿಗೆ ಬಂದ ಕೆಟ್ಟ ಹೆಸರು ನನ್ನದು.

ನಮ್ಮೂರು ಪಾಮನಕಲ್ಲೂರು. ಮಳೆ ನಂಬಿದ ನೆಲ. ಅಣ್ಣ ಹಳ್ಳದ ದಂಡೆಯ ಈಚಲು ಗರಿ ಕೊಯ್ದು ಕಸಬರಿಗೆ ಕಟ್ಟುತ್ತಿದ್ದ. ಲಿಂಗಸುಗೂರಿನ ಒಬ್ಬ ನರ್ಸರಿ ಮಾಲಕರು ಸಂತೆಯಲ್ಲಿ ಅವನ ಕೈ ನೋಡಿದರು. ಮುಳ್ಳಿನ ಗರಿಯನ್ನು ಅವನು ಬರಿಗೈಯಲ್ಲಿ ಹೂವಿನ ಹಾಗೆ ತಿರುವುತ್ತಿದ್ದ. ಅವರಲ್ಲಿ ಆಗಷ್ಟೇ ಖರ್ಜೂರದ ಮರಿಗಳು ಬಂದಿದ್ದವು, ಮುಟ್ಟುವವರು ಇರಲಿಲ್ಲ. ಅಣ್ಣನನ್ನು ಕರೆದುಕೊಂಡರು. ಬೆನ್ನಿಗೆ ನಾನೂ ಹೋದೆ. ಅಣ್ಣನಿಗೆ ಓದು ಬರಹ ಇರಲಿಲ್ಲ, ಮಂದಿಯ ಜೊತೆ ಮಾತಾಡಲು ಸಂಕೋಚ. ಗಿಡ ಅವನ ಪಾಲಿಗೆ, ಗಿರಾಕಿಗಳ ಮಾತುಕತೆ ನನ್ನ ಪಾಲಿಗೆ ಎಂದು ತಾನಾಗಿಯೇ ಹಂಚಿಕೆಯಾಯಿತು.

ಮೊದಲ ವಾರವೇ ನನ್ನ ಹೆಬ್ಬೆರಳಿಗೆ ಮುಳ್ಳು ಮುರಿಯಿತು. ಅಣ್ಣ ಪಿನ್ನಿನಿಂದ ತೆಗೆಯುತ್ತಾ ಹೇಳಿದ, "ಲೇ ಅಮರ್ಯಾ, ನೀ ಗಿಡ ನೋಡೂದಕಿಂತ ಮೊದಲ ಗಿಡ ನಿನ್ನ ನೋಡಿರತೈತಿ. ಗರಿ ಬುಡಕ್ಕ ಹೋಗೂಮುಂದ ಕೈ ಕೆಳಗಿಂದ ಒಯ್ಯಿ."

ತಾಯಿಗಿಡದ ಬುಡದಲ್ಲಿ ಬಂದ ಮರಿಯನ್ನು ಅವನು ಎಂದೂ ಎಳೆದು ಕೀಳಲಿಲ್ಲ. ಮಣ್ಣು ಬಿಡಿಸಿ, ತಾಯಿಗೂ ಮರಿಗೂ ನಡುವಿನ ನಂಟು ಎಲ್ಲಿದೆ ಎಂದು ಬೆರಳಿನಿಂದ ಹುಡುಕಿ, ಹರಿತವಾದ ಉಳಿಯಿಂದ ಒಂದೇ ಏಟಿಗೆ ಬಿಡಿಸುತ್ತಿದ್ದ. ದೊಡ್ಡ ಗಿಡ ಸೊರಗಿದರೆ ಕಾಂಡಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಒಳಗೆ ಕೆಂಪು ಮೂತಿಯ ಹುಳದ ಮರಿ ಇದ್ದರೆ ಕರಕರ ಎಂದು ತಿನ್ನುವ ಸದ್ದು ಕೇಳುತ್ತದೆ. ನೋಡಿದವರು ನಗುತ್ತಿದ್ದರು. "ನಿಮ್ಮಣ್ಣ ಗಿಡದ ಕೂಡ ಗುಟ್ಟು ಮಾತಾಡಾಕತ್ತಾನೇನಪ" ಎಂದು ಮುದಗಲ್ಲಿನ ಬೀಬಮ್ಮ ಕೇಳಿದ್ದು ನೆನಪಿದೆ.

ಬೀಬಮ್ಮನ ಗಿಡದ ಸಂಗತಿಯನ್ನು ಹೊಸಬರು ತಿಳಿದುಕೊಳ್ಳಬೇಕು. ಯಾರೋ ಹಜ್‌ನಿಂದ ತಂದ ಹಣ್ಣಿನ ಬೀಜವನ್ನು ಆಕೆ ಅಂಗಳದಲ್ಲಿ ಊರಿದ್ದಳು. ಏಳು ವರ್ಷ ಸಾಕಿದ ಮೇಲೆ ಅದು ಮೊದಲ ಸಲ ಹೊಂಬಾಳೆ ಒಡೆಯಿತು. ನಮ್ಮನ್ನು ಕರೆಸಿ ಶರಬತ್ತು ಕೊಟ್ಟಳು. ಅಣ್ಣ ಹೊಂಬಾಳೆ ಅಲ್ಲಾಡಿಸಿದ. ಬಿಳಿ ಹಿಟ್ಟು ಉದುರಿತು. ಅವನ ಮುಖ ಸಣ್ಣದಾಯಿತು.

"ಅಮ್ಮಾ, ಇದು ಗಂಡು ಐತ್ರಿ."

"ಗಂಡು ಅಂದ್ರ?"

"ಹಣ್ಣು ಬಿಡಂಗಿಲ್ರಿ."

ಬೀಬಮ್ಮ ಗಿಡವನ್ನು ಮೇಲಿಂದ ಕೆಳಗೆ ನೋಡಿದಳು. "ಏಳು ವರ್ಷ ಕೂಸಿಗೆ ಹಾಕಿದಂಗ ನೀರು ಹಾಕೀನಿ ಬೇಟಾ. ಗಂಡಸರ ಹಣೇಬರಾನ ಇಷ್ಟು. ಕುಡೀತಾವ, ಮುಳ್ಳು ಬಿಡ್ತಾವ, ನಿಂತಲ್ಲೆ ನಿಂದ್ರತಾವ. ಕಡದು ಒಲಿಗೆ ಹಾಕು ಅದನ್ನ."

"ಕಡೀಬ್ಯಾಡ್ರಿ ಅಮ್ಮಾ. ಇದರ ಹಿಟ್ಟಿಗೆ ನಾಕು ಊರಾಗ ಕೆಲಸ ಐತಿ" ಎಂದ ಅಣ್ಣ.

ಖರ್ಜೂರದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಹೂವಿನ ಎಳೆಗಳನ್ನು ತಂದು ಹೆಣ್ಣು ಹೂವಿನ ಗೊಂಚಲೊಳಗೆ ಸಿಕ್ಕಿಸಿ ಕಟ್ಟದಿದ್ದರೆ ಕಾಯಿ ನಿಲ್ಲುವುದಿಲ್ಲ. ಆ ವರ್ಷದಿಂದ ಶಿವರಾತ್ರಿಯ ಹಿಂದುಮುಂದೆ ಬೀಬಮ್ಮನ ಗಿಡದ ಹೂವು ಹೊತ್ತು ಮುದಗಲ್ಲಿನಿಂದ ಲಿಂಗಸುಗೂರಿಗೆ, ಮಸ್ಕಿಗೆ, ಸಿಂಧನೂರಿಗೆ ಬಸ್ಸಿನಲ್ಲಿ ತಿರುಗಿದೆವು. ಹಸಿ ಜೋಳದ ಹಿಟ್ಟಿನಂಥ ಅದರ ವಾಸನೆ ನಮ್ಮ ಅಂಗಿಗಳಿಂದ ವಾರಗಟ್ಟಲೆ ಹೋಗುತ್ತಿರಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ, ಕಾಯಿ ಹಳದಿಯಾಗಿ ಕಟಕಟ ಎನ್ನುವಾಗಲೇ ಕೊಯ್ದು, ಪ್ರತಿ ಮನೆಯಿಂದ ಒಂದು ಗೊಂಚಲು ಬೀಬಮ್ಮನಿಗೆ ಒಯ್ಯುತ್ತಿದ್ದೆವು. ಆಕೆ ಅವನ್ನು ಅಂಗಳದಲ್ಲಿ ಸಾಲಾಗಿ ಇಟ್ಟುಕೊಂಡು ಗಿಡದ ಕಡೆ ನೋಡಿ, "ನೋಡ್ರಿ ಇವನ ಸಂಸಾರ, ಊರೂರಿಗೆ ಒಂದು" ಎನ್ನುತ್ತಿದ್ದಳು. ಆ ಅಂಗಳ, ಆ ನಗೆ, ಅಣ್ಣ ತಲೆ ತಗ್ಗಿಸಿ ತಾನೂ ನಗುತ್ತಿದ್ದುದು, ಇವೆಲ್ಲ ನೆನಪಾದರೆ ಈಗಲೂ ಎದೆ ತುಂಬುತ್ತದೆ.

ಒಂದು ಸಲ ಹೂವನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಇಟ್ಟುಬಿಟ್ಟೆ. ಬೆವತು ಬೂಸು ಹಿಡಿದಿತ್ತು. ಗಮನಿಸದೆ ಅದನ್ನೇ ಲಿಂಗಸುಗೂರಿನ ಒಬ್ಬ ಡಾಕ್ಟರ ಮನೆಯ ಗಿಡಕ್ಕೆ ಕಟ್ಟಿದೆವು. ಬೀಜವಿಲ್ಲದ, ಮೂರು ಮೂರು ಅಂಟಿಕೊಂಡ ಪೀಚು ಕಾಯಿ ಬಿಟ್ಟವು. ಡಾಕ್ಟರು ಕರೆಸಿ ಬೈದರು. ನಾನು ಬಾಯಿ ತೆರೆಯುವ ಮುಂಚೆ ಅಣ್ಣ, "ನಾನ ಕಟ್ಟಿದ್ದೆ ರೀ, ತಪ್ಪಾತು" ಎಂದ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಕಾಗದದಾಗ ಸುತ್ತು. ಅದಕ್ಕ ಗಾಳಿ ಬೇಕು." ಎದುರಿನ ಹೋಟೆಲಿನಲ್ಲಿ ಮಂಡಾಳ ಮಿರ್ಚಿ ತಿಂದು ಬಸ್ಸು ಹತ್ತಿದೆವು. ಆ ತಪ್ಪನ್ನು ಅವನು ಮತ್ತೆಂದೂ ಎತ್ತಲಿಲ್ಲ.

ಸಿಂಧನೂರಿನ ಕಡೆಯ ಕೆಲಸ ಬೇರೆಯೇ. ಅಲ್ಲಿ ಕಾಲುವೆ ನೀರು, ಎರೆ ಮಣ್ಣು. ಗುಂಡಿ ತೋಡಿದರೆ ಗೋಡೆ ಮಡಕೆಯ ಹಾಗೆ ಹೊಳೆಯುತ್ತದೆ. ಹಾಕಿದ ನೀರು ಅಲ್ಲೇ ನಿಲ್ಲುತ್ತದೆ. ಖರ್ಜೂರಕ್ಕೆ ನೀರು ಬೇಕು, ನಿಂತ ನೀರು ಆಗದು. ಮೊದಮೊದಲು ನಾವು ಹಚ್ಚಿದ ಮರಿಗಳು ಅಲ್ಲಿ ಕೊಳೆತವು. ಅಣ್ಣ ಊಟ ಸೇರದವನಂತೆ ತಿರುಗಿದ. ಗುಂಡಿಗೆ ಮುಂಜಾನೆ ಒಂದು ಕೊಡ ನೀರು ಸುರಿದು ಮಧ್ಯಾಹ್ನದವರೆಗೆ ಅದರ ಪಕ್ಕ ಕೂತು ನೋಡಿದ. ಎರಡು ಮೂರು ವರ್ಷ ಏನೇನೋ ಮಾಡಿ ಕೊನೆಗೆ ಒಂದು ರೀತಿ ಕಂಡುಕೊಂಡ.

ಗುಂಡಿಯನ್ನು ಆಳಕ್ಕಿಂತ ಅಗಲ ಹೆಚ್ಚು ತೋಡಬೇಕು. ತಳಕ್ಕೆ ಮಸ್ಕಿ ಕಡೆಯ ಗರಸು, ಅಂದರೆ ಕೆಂಪು ನುಚ್ಚುಗಲ್ಲಿನ ಮಣ್ಣು, ಒಂದು ಮೊಳ ತುಂಬಬೇಕು. ಮೇಲೆ ಹೊಳೆಯ ಮರಳು, ಹಳೆಯ ಗೊಬ್ಬರ, ಅಲ್ಲಿಯದೇ ಸ್ವಲ್ಪ ಮಣ್ಣು. ತಗ್ಗಿನ ಕಡೆಗೆ ನೀರು ಹರಿದು ಹೋಗಲು ಒಂದು ಸಣ್ಣ ದಾರಿ. ಗಿಡ ಮೊದಲಿದ್ದ ನೆಲದ ಗುರುತು ಕಾಂಡದ ಮೇಲೆ ಇರುತ್ತದೆ. ಅದು ಅಂಗಳಕ್ಕಿಂತ ಒಂದು ಗೇಣು ಮೇಲೆಯೇ ಬರಬೇಕು. "ಲಿಂಗಕ್ಕ ಪೀಠ ಇದ್ದಂಗ ಇರಬೇಕು. ಪೀಠ ಬಿಟ್ಟು ಕೆಳಗ ಇಳದ್ರ ಮುಗೀತು" ಎನ್ನುತ್ತಿದ್ದ. ಅದರಂತೆ ಹಚ್ಚಿದ ಮೊದಲ ಮರಿಗಳು ಚಿಗುರಿದವು. ಆದರೆ ದೊಡ್ಡ ಗಿಡಕ್ಕೆ ಇದು ನಿಲ್ಲುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಿಂಧನೂರಿನ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ಹೊಸ ಮನೆ ಕಟ್ಟಿಸಿ, ಗೇಟಿನ ಎರಡೂ ಬದಿಗೆ ಬೆಳೆದ ಖರ್ಜೂರವೇ ಬೇಕೆಂದರು. ಎರಡು ದೊಡ್ಡ ಗಿಡ ಲಾರಿಯಲ್ಲಿ ಬಂದವು. ಗರಿಗಳನ್ನು ಅರ್ಧ ಕತ್ತರಿಸಿ, ಸುಳಿಗೆ ಪೆಟ್ಟಾಗದಂತೆ ಮೇಲಕ್ಕೆ ಎತ್ತಿ ಕಟ್ಟಿದ್ದೆವು. ಇಳಿಸಿ ಅಳೆದಾಗ ಒಂದು ಗಿಡ ಇನ್ನೊಂದಕ್ಕಿಂತ ಎರಡು ಮೊಳ ಉದ್ದವಿತ್ತು. ಸಾಹುಕಾರರಿಗೆ ಅದು ಸೇರಲಿಲ್ಲ. ನಾಲ್ಕು ದಿನಕ್ಕೆ ಗೃಹಪ್ರವೇಶ.

"ಎರಡೂ ಒಂದ ಲೆವೆಲ್ ಬರಬೇಕಪ. ಫೋಟೊದಾಗ ಸೊಟ್ಟ ಕಾಣ್ತದ."

"ಕಂಬಕ್ಕ ಲೆವೆಲ್ ಇರತೈತ್ರಿ ಸಾವುಕಾರ್ರ, ಗಿಡಕ್ಕ ಇರಂಗಿಲ್ಲ" ಎಂದ ಅಣ್ಣ. "ಗಿಡ್ಡಂದು ನಾಕೈದು ವರ್ಷಕ್ಕ ಬೆಳೀತೈತಿ."

"ನಾಕೈದು ವರ್ಷಕ್ಕ ಫೋಟೊ ತಗಸಲೇನು ನಾನು?"

ಅಲ್ಲಿದ್ದವರು ನಕ್ಕರು. ಅಣ್ಣ ಒಪ್ಪಲಿಲ್ಲ. ಗರಸು ಕಡಿಮೆ ಬಿದ್ದಿತ್ತು, ಇನ್ನೊಂದು ಟ್ರ್ಯಾಕ್ಟರ್ ತರಲು ಮಸ್ಕಿ ಕಡೆ ಹೊರಟ. "ನಾ ಬರೋತನ ಗಿಡ ಎತ್ತಿಸಬ್ಯಾಡ" ಎಂದು ನನಗೆ ಹೇಳಿ ಹೋದ.

ಅವನು ಹೋದ ಸ್ವಲ್ಪ ಹೊತ್ತಿಗೇ ಕ್ರೇನ್ ಬಂತು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಅಮರಪ್ಪ, ನೀ ನಾಕಕ್ಷರ ಕಲತಾವ. ನಿಮ್ಮಣ್ಣನಂಗ ಹಟ ಮಾಡಂಗಿಲ್ಲ. ಇವತ್ತು ನೀನ ಮೇಸ್ತ್ರಿ." ಗಿರಾಕಿ ಹೇಳಿದ್ದೇ ಖರೆ ಎಂದು ನಮ್ಮ ನರ್ಸರಿ ಮಾಲಕರು ದಿನಾ ಹೇಳುತ್ತಿದ್ದುದೂ ನೆನಪಾಯಿತು. ಆದರೆ ನನ್ನನ್ನು ಕೆಡಿಸಿದ್ದು ಮೇಸ್ತ್ರಿ ಎನ್ನುವ ಆ ಒಂದು ಮಾತು. ಅದುವರೆಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಉದ್ದನೆಯ ಗಿಡದ ಗುಂಡಿಯಿಂದ ಅಣ್ಣ ಹಾಕಿದ್ದ ಗರಸನ್ನೆಲ್ಲ ಎತ್ತಿಸಿ ಗಿಡ್ಡ ಗಿಡದ ಗುಂಡಿಗೆ ಸುರಿಸಿದೆ. ಅದರ ಕೆಳಗೆ ಎರೆಯೊಳಗೆ ಇನ್ನೂ ಅಗೆಸಿದೆ. ಎರಡು ಮೊಳ ಕಾಂಡ ನೆಲದೊಳಗೆ ಹೋಯಿತು. ಮಣ್ಣು ಎಳೆದು, ತುಳಿಸಿ, ನೀರು ಬಿಡಿಸಿದೆ. ನೀರು ಕೆಳಗಿಳಿಯದೆ ನಿಂತದ್ದನ್ನು ನೋಡಿದೆ. ನೋಡಿಯೂ ಮೇಲೆ ಒಣ ಮಣ್ಣು ಹರಡಿಸಿದೆ. ಗೇಟಿನಾಚೆ ನಿಂತು ನೋಡಿದರೆ ಎರಡೂ ಗಿಡ ದಾರ ಹಿಡಿದಂತೆ ಸಮ. ಸಾಹುಕಾರರು ಶಹಬ್ಬಾಸ್ ಎಂದರು.

ಬಿಸಿಲು ಇಳಿಯುವಾಗ ಅಣ್ಣ ಗರಸು ತಂದ. ಎರಡೂ ಗಿಡಗಳ ತುದಿಗೆ ಕಣ್ಣು ಹಾಯಿಸಿದ.

"ಉದ್ದಂದು ಹ್ಯಾಂಗ ಇಳೀತು?"

"ಬೇರಿನ ಮುದ್ದಿ ಕೆಳಗ ದಪ್ಪ ಇತ್ತಣ್ಣ. ಅದನ್ನ ಸವರಿಸಿದೆ. ನಿನ್ನ ಗರಸು ಹಾಂಗ ಐತಿ."

ಅವನು ನಂಬಿದ. ನನ್ನ ಮಾತನ್ನು ಅವನು ಎಂದೂ ಪರೀಕ್ಷೆ ಮಾಡಿದವನಲ್ಲ. ಮರುದಿನ ಬುಡದ ಸುತ್ತ ಗ್ರಾನೈಟ್ ಕೂತಿತು.

ಒಂದು ವರ್ಷ ತುಂಬುವುದರೊಳಗೆ ಆ ಗಿಡದ ನಡುವಿನ ಸುಳಿ ಹಳದಿಯಾಗಿ, ಎಳೆದರೆ ಕೈಗೆ ಬಂತು. ಸಾಹುಕಾರರು ನರ್ಸರಿ ಮಾಲಕರನ್ನೂ ನಮ್ಮಿಬ್ಬರನ್ನೂ ಕರೆಸಿದರು. ಅಂಗಳದಲ್ಲಿ ಗಿರಣಿಯವರು, ಗಿಡ ಹಾಕಿಸಬೇಕೆಂದಿದ್ದ ಆಚೀಚೆ ಮನೆಯವರು, ಹತ್ತು ಹದಿನೈದು ಮಂದಿ ಸೇರಿದ್ದರು.

"ಯಾರ ಕೆಲಸ ಇದು?" ಎಂದರು ಸಾಹುಕಾರರು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ.

ನಾನು ಸುಮ್ಮನಿದ್ದಿದ್ದರೂ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಬಾಯಿ ಬಿಟ್ಟು ಹೇಳಿದೆ: "ಗರಸು ಮರಳಿನ ರೀತಿ ಅಣ್ಣಂದ್ರಿ. ಎರಿ ನೆಲಕ್ಕ ಅದು ಸರಿಹೋಗಲಿಲ್ಲ ಅನ್ನಸ್ತದ."

ಅಣ್ಣ ಒಮ್ಮೆ ನನ್ನನ್ನು, ಒಮ್ಮೆ ಗಿಡವನ್ನು ನೋಡಿದ. "ಹೌದ್ರಿ. ನಂದ ತಪ್ಪಿರಬೇಕು" ಎಂದ. ಡಾಕ್ಟರ ಮನೆಯಲ್ಲಿ ನನಗಾಗಿ ಒಪ್ಪಿಕೊಂಡಾಗ ಅವನ ದನಿ ಗಟ್ಟಿಯಾಗಿತ್ತು. ಈ ಸಲ, ಗಿಡ್ಡದು ಬದುಕಿದ್ದು ಅದೃಷ್ಟ ಎಂದುಕೊಂಡು, ಅವನು ನಿಜವಾಗಿಯೂ ತನ್ನದೇ ತಪ್ಪೆಂದು ತಿಳಿದಿದ್ದ.

ಜೋಡಿ ಇಲ್ಲದ್ದು ಅಪಶಕುನ ಎಂದು ಸಾಹುಕಾರರು ಚೆನ್ನಾಗಿದ್ದ ಗಿಡವನ್ನೂ ಕಡಿಸಿದರು. ಒಣಗಿದ್ದನ್ನು ಗ್ರಾನೈಟಿನ ಮಟ್ಟಕ್ಕೆ ಕೊಯ್ಯಿಸಿದರು. ನನ್ನ ಸುಳ್ಳು ಕಲ್ಲಿನ ಕೆಳಗೆ ಉಳಿಯಿತು.

ಅಣ್ಣ ಆ ತಿಂಗಳೇ ನರ್ಸರಿ ಬಿಟ್ಟ. ಪಾಮನಕಲ್ಲೂರಿನಲ್ಲಿ ಮೇಕೆ ಕಟ್ಟಿದ, ಕಸಬರಿಗೆಗೆ ಮರಳಿದ. ಯಾರಾದರೂ ಖರ್ಜೂರ ಕೇಳಿಕೊಂಡು ಬಂದರೆ, "ನಂಗ ಎರಿ ನೆಲ ತಿಳಿಯಂಗಿಲ್ರಿ, ನನ್ನ ತಮ್ಮ ಅದಾನ" ಎಂದು ನನ್ನ ಹತ್ತಿರ ಕಳಿಸುತ್ತಿದ್ದ. ನಾನು ಮೇಸ್ತ್ರಿಯಾದೆ. ಇಪ್ಪತ್ತು ವರ್ಷದಲ್ಲಿ ಎಲ್ಲ ಬದಲಾಯಿತು. ಹಾರೆ ಸಲಿಕೆಯ ಜಾಗಕ್ಕೆ ಜೆಸಿಬಿ ಬಂತು. ಹೆಣ್ಣೇ ಎಂದು ಖಾತ್ರಿ ಇರುವ ಲ್ಯಾಬಿನ ಸಸಿ ಬಂದವು, ಬೀಬಮ್ಮನ ಹಾಗೆ ಯಾರೂ ಈಗ ಮೋಸ ಹೋಗುವುದಿಲ್ಲ. ಬದಲಾಗದ್ದು ಒಂದೇ. ಎರೆ ನೆಲದಲ್ಲಿ ನಾನು ಹಚ್ಚಿದ ಪ್ರತಿಯೊಂದು ಗಿಡದ ಕೆಳಗೆ ಅಣ್ಣನ ಗರಸು, ಅಣ್ಣನ ಪೀಠ. ಅದು ಸರಿಯಿಲ್ಲ ಎಂದು ಹತ್ತು ಮಂದಿಯ ಮುಂದೆ ಹೇಳಿದವನು ನಾನು. ಅದರ ಹೊರತು ಬೇರೇನೂ ಮಾಡದವನೂ ನಾನೇ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಇದು ನನ್ನನ್ನು ಕೂರಗೊಡಲಿಲ್ಲ. ಹೋದ ಬೇಸಿಗೆಯಲ್ಲಿ ಪಾಮನಕಲ್ಲೂರಿಗೆ ಹೋದೆ. ಅಣ್ಣ ಬೇವಿನ ನೆರಳಲ್ಲಿ ಕಸಬರಿಗೆ ಕಟ್ಟುತ್ತಿದ್ದ. ಅತ್ತಿಗೆ ಚಹಾಕ್ಕೆ ಇಟ್ಟಿದ್ದಳು. ಅವನ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅವನು ಕೈ ನಿಲ್ಲಿಸಲಿಲ್ಲ.

"ಎಷ್ಟು ಇಳಿಸಿದ್ದಿ?"

"ಎರಡು ಮೊಳ."

"ಗರಸು?"

"ಎಲ್ಲ ತಗಸಿದ್ದೆ."

"ನೀರು ನಿಂತಿತ್ತು?"

"ನಿಂತಿತ್ತಣ್ಣ."

ಅವನು ಗಂಟು ಬಿಗಿದ. "ಆಮ್ಯಾಲ ನೀ ಹಚ್ಚಿದ್ದಕ್ಕೆಲ್ಲ ಕೆಳಗ ಏನ್ ಹಾಕಿದಿ?"

"ನೀ ಕಲಿಸಿದ್ದ."

"ಎಷ್ಟು ಬದುಕ್ಯಾವ?"

ಇದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ಒಂದೂ ಹೋಗಿಲ್ಲಣ್ಣ."

ಆಗ ಅವನ ಕೈ ನಿಂತಿತು. ಕಸಬರಿಗೆ ಕೆಳಗಿಟ್ಟು, ಎದ್ದು, ಮೇಕೆಗಳ ಕಡೆ ಹೋದ. ನಾನು ಹೊರಡುವ ತನಕ ಈ ಕಡೆ ಬರಲಿಲ್ಲ. ಅತ್ತಿಗೆ ಚಹಾದ ಬಟ್ಟಲು ನನ್ನ ಮುಂದಿಟ್ಟು ಹೇಳಿದಳು, "ಕುಡಿ, ಅಮರಪ್ಪ. ನಿಮ್ಮಣ್ಣ ಇಷ್ಟು ವರ್ಷ ಸಿಂಧನೂರ ಬಸ್ ಹತ್ತಿಲ್ಲ. ಅಲ್ಲೆ ಮೊಮ್ಮಗಳ ಸೀಮಂತದ ಕುಪ್ಪುಸಕ್ಕೂ ಬರಲಿಲ್ಲ. ಕಾಲು ಬ್ಯಾನಿ ಅಂದ. ಕಾಲಿಗೇನೂ ಆಗಿರಲಿಲ್ಲ."

ಮೂರು ವಾರ ಸುದ್ದಿ ಇಲ್ಲ. ಒಂದು ಮುಂಜಾನೆ ಅಣ್ಣ ನನ್ನ ಬಾಗಿಲ ಮುಂದೆ ನಿಂತಿದ್ದ. ಒಳಗೆ ಬರಲಿಲ್ಲ. "ತೋರಸು" ಎಂದ.

ಸಿಂಧನೂರಿಗೆ ಹೋದೆವು. ಗೇಟಿನಿಂದ ಗೇಟಿಗೆ ನಡೆದೆವು. ಅವನ ರೀತಿಯಲ್ಲಿ ನಿಂತ ಗಿಡಗಳನ್ನು ಅವನು ಮೊದಲ ಸಲ ನೋಡುತ್ತಿದ್ದ. ಬುಡ ಮುಟ್ಟಿದ. ಉದುರಿದ ಗರಿಗಳ ಗುರುತನ್ನು ಬೆರಳಿಟ್ಟು ನೋಡಿ ವಯಸ್ಸು ಹೇಳಿದ, ಒಂದೂ ತಪ್ಪಲಿಲ್ಲ. ಒಂದು ಮನೆಯ ಮುಂದೆ ಕಾಂಡಕ್ಕೆ ಕಿವಿ ಹಚ್ಚಿ ನಿಂತಾಗ, ಒಳಗಿನಿಂದ ಆ ಮನೆಯ ಯಜಮಾನತಿ ಬಂದರು. ಆಂಧ್ರದ ಕಡೆಯಿಂದ ಬಂದು ನೆಲೆಸಿದವರು.

"ಮೇಸ್ತ್ರಿಗಾರು, ಚಾಲಾ ದಿನ ಆಯ್ತು. ಈ ಪೆದ್ದಾಯನ, ಈ ಹಿರಿಯರು, ಯಾರು?"

ಅಂಗಳದಲ್ಲಿ ನಾಲ್ಕೈದು ಮಂದಿ ಇದ್ದರು. ನಾನು ಹೇಳಿದೆ, "ನನ್ನ ಅಣ್ಣ ರೀ, ಹುಲಿಗೆಪ್ಪ. ಎರಿ ನೆಲದಾಗ ಈ ಗಿಡ ಹ್ಯಾಂಗ ಬದುಕಿಸಬೇಕು ಅಂತ ಕಂಡುಹಿಡದಾವ ಇವ. ನಾ ತಗ್ಗು ತೋಡಿದಾವ ಅಷ್ಟ. ಗಿರಣಿ ಸಾವುಕಾರ್ರ ಗಿಡ ಸತ್ತದ್ದು ನನ್ನ ಕೈಯಿಂದ್ರಿ, ಇವನ ಹೆಸರು ಹೇಳಿದ್ದೆ."

ಆ ತಾಯಿಗೆ ಯಾವ ಸಾಹುಕಾರರು, ಯಾವ ಗಿಡ ಎಂದು ತಿಳಿಯಲಿಲ್ಲ. ಆದರೂ ಅಣ್ಣನಿಗೆ ಕುರ್ಚಿ ತರಿಸಿದರು. ಅವರ ತಮ್ಮ ವಳಕಮದಿನ್ನಿ ಎಂಬ ಊರಿನಲ್ಲಿ ಗದ್ದೆಯ ಮಗ್ಗುಲಿಗೆ ಮನೆ ಕಟ್ಟಿಸುತ್ತಿದ್ದಾನೆ, ಒಂದು ದೊಡ್ಡ ಗಿಡ ಬೇಕೆನ್ನುತ್ತಾನೆ, ಅಲ್ಲಿ ನೆಲ ಬಹಳ ಹಸಿ, ಬರುತ್ತದೋ ಇಲ್ಲವೋ ಎಂದು ಕೇಳಿದರು. ರೂಢಿಯಂತೆ ನಾನು ಬಾಯಿ ತೆರೆದೆ. ಅಣ್ಣ ನನಗಿಂತ ಮೊದಲು ಹೇಳಿದ, "ಮಣ್ಣು ನೋಡಿ ಹೇಳ್ತೀನ್ರಿ."

ಎಂಟು ದಿನಕ್ಕೆ ವಳಕಮದಿನ್ನಿಯಲ್ಲಿ ಕ್ರೇನ್ ನಿಂತಿತ್ತು. ಗುಂಡಿಯನ್ನು ಅಣ್ಣ ಎರಡು ದಿನ ಮುಂಚೆಯೇ ಬಂದು ತೋಡಿಸಿ, ನೀರು ಸುರಿದು ನೋಡಿ, ಗರಸು ತುಂಬಿಸಿ ಇಟ್ಟಿದ್ದ. ಗಿಡ ಮೇಲೆ ಎದ್ದು ತೂಗಿತು. ಆಳ ನೋಡಲು ನಾನು ಅಳತೆ ಕೋಲು ಹಿಡಿದು ಗುಂಡಿಯ ಕಡೆ ಹೆಜ್ಜೆ ಇಟ್ಟೆ.

"ತಗ್ಗಿನ ಕಡೆ ನೀ ಬರಬ್ಯಾಡ" ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈಯಿಂದ ಕೋಲು ತೆಗೆದುಕೊಂಡ. "ನೀ ಹಗ್ಗ ಹಿಡಿ."

ತೂಗುವ ಗಿಡ ಹೊರಳದಂತೆ ದೂರ ನಿಂತು ಹಗ್ಗ ಹಿಡಿಯುವುದು ನಮ್ಮ ಕಸುಬಿನಲ್ಲಿ ಏನೂ ತಿಳಿಯದವರಿಗೆ ಕೊಡುವ ಕೆಲಸ. ನಾನು ಹೋಗಿ ಹಗ್ಗ ಹಿಡಿದೆ. ಅಣ್ಣ ಗುಂಡಿಗೆ ಇಳಿದು, ಕೋಲಿಟ್ಟು, ಬಗ್ಗಿ ಬುಡ ನೋಡಿ, ಒಂದು ಬೆರಳು ಮೇಲೆ, ಅರ್ಧ ಬೆರಳು ಕೆಳಗೆ ಎಂದು ಕ್ರೇನಿನವನಿಗೆ ಕೈ ಸನ್ನೆ ಮಾಡುತ್ತಿದ್ದ. ನಾನು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಅವನು ಸಾಕು ಬಿಡು ಎನ್ನುವತನಕ ಬಿಡಲಿಲ್ಲ.